ಲಿಥುವೇನಿಯಾದ ಮದುವೆಮನೆಯಲ್ಲಿ ನಡುರಾತ್ರಿ ಕೇಳುವ ಆ ಪ್ರೇಮದ ಹಾಡುಗಳು

ಪ್ರಶ್ನೆ: ನಾನು ಹಾಸನದ ಕಡೆಯವನು. ಎರಡು ವರ್ಷದಿಂದ ವಿಲ್ನಿಯಸ್‌ನಲ್ಲಿ ಕೆಲಸದಲ್ಲಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮ ಆಫೀಸಿನವರೊಬ್ಬರ ಮದುವೆಗೆ ಹೋಗಿದ್ದೆ. ಊರಾಚೆ ಕೆರೆ ಪಕ್ಕದ ಒಂದು ದೊಡ್ಡ ಮರದ ಮನೆ. ರಾತ್ರಿ ಹನ್ನೊಂದರ ತನಕ ಇಂಗ್ಲಿಷ್ ಹಾಡುಗಳೇ ನಡೆದವು. ಆಮೇಲೆ ಯಾರೋ ಅಕಾರ್ಡಿಯನ್ ತೆಗೆದರು. ಅಜ್ಜಿಯರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಒಟ್ಟಿಗೆ ಹಾಡತೊಡಗಿದರು. ಎಲ್ಲರಿಗೂ ಬಾಯಿಪಾಠ. ಅರ್ಥ ಕೇಳಿದರೆ ಹೆಚ್ಚಿನವು ಪ್ರೀತಿಯ ಹಾಡುಗಳು, ಅದರಲ್ಲೂ ಮುರಿದ ಪ್ರೀತಿ, ಅಗಲಿಕೆ. ಮದುವೆಯಲ್ಲಿ ಇಂಥವನ್ನು ಹಾಡುತ್ತಾರಾ? ಇವು ಜನಪದ ಹಾಡುಗಳೋ, ಸಿನಿಮಾ ಹಾಡುಗಳೋ? ಕೆಲವರು ಇವನ್ನು ಕೀಳಾಗಿ ನೋಡುವುದು ಯಾಕೆ? ಮುಂದಿನ ಸಲ ನಾನೂ ದನಿಗೂಡಿಸಬೇಕು ಅಂತ ಆಸೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ:

ಲಿಥುವೇನಿಯನ್ ಭಾಷೆಯಲ್ಲಿ ಪಾರ್ಟಿಗೆ ‘ವಕರೇಲಿಸ್’ ಅನ್ನುತ್ತಾರೆ. ‘ವಕರಸ್’ ಅಂದರೆ ಸಂಜೆ. ವಕರೇಲಿಸ್ ಅಂದರೆ ಪುಟ್ಟ ಸಂಜೆ, ಮುದ್ದಿನ ಸಂಜೆ. ಈ ಭಾಷೆಯಲ್ಲಿ ಯಾವ ಹೆಸರಿಗಾದರೂ ಒಂದು ಬಾಲ ಸೇರಿಸಿ ಮುದ್ದು ಮಾಡಬಹುದು. ಹುಡುಗಿ ‘ಮೆರ್ಗಾ’. ಹಾಡಿಗೆ ಬಂದರೆ ಅವಳು ‘ಮೆರ್ಗೆಲೆ’. ಅಕ್ಕರೆ ಇನ್ನೂ ಜಾಸ್ತಿಯಾದರೆ ‘ಮೆರ್ಗುಝೇಲೆ’. ಹುಡುಗ ‘ಬೆರ್ನಸ್’, ಹಾಡಿನಲ್ಲಿ ‘ಬೆರ್ನೆಲಿಸ್’. ಅವನು ಏರಿ ಬರುವ ಕುದುರೆಗೂ ಇದೇ ಮುದ್ದು. ಹಳೆಯ ಹಾಡುಗಳಲ್ಲಿ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ನೇರವಾಗಿ ಹೇಳುವುದು ಅಪರೂಪ. ಹೇಳಬೇಕಾಗಿಯೂ ಇಲ್ಲ. ಪದದ ಬಾಲದಲ್ಲೇ ಪ್ರೀತಿ ಇರುತ್ತದೆ. ನಿಮ್ಮ ಪ್ರಶ್ನೆಗೆ ಇಲ್ಲಿಂದ ಉತ್ತರ ಶುರು ಮಾಡಲು ಕಾರಣ ಇದೆ. ಈ ಹಾಡುಗಳ ಕತೆ ಅಂದರೆ, ನನ್ನ ಮಟ್ಟಿಗೆ, ಒಂದು ಹಳ್ಳಿ ಭಾಷೆ ತನ್ನ ಪ್ರೀತಿಯನ್ನು ಪೇಟೆಯ ಸಂಜೆಗೆ ತಂದ ಕತೆ.

ಆ ರಾತ್ರಿ ನೀವು ಕೇಳಿದ್ದು ಒಂದೇ ಕಾಲದ ಹಾಡುಗಳಲ್ಲ. ನೂರೈವತ್ತು ವರ್ಷಕ್ಕೂ ಹಳೆಯ ಹಳ್ಳಿ ಹಾಡು, 1930ರ ಸುಮಾರಿನ ಹೋಟೆಲ್ ಟ್ಯಾಂಗೋ (ಜೋಡಿ ಕುಣಿತದ ಹಾಡು), ಸೋವಿಯತ್ ಕಾಲದ ರೇಡಿಯೋ ಹಾಡು, 1990ರ ದಶಕದ ಕೀಬೋರ್ಡ್ ಹಾಡು, ಎಲ್ಲವೂ ಒಂದರ ಹಿಂದೆ ಒಂದು ಬಂದಿರುತ್ತವೆ. ಹಾಡುವವರಿಗೆ ಅದರ ಲೆಕ್ಕವಿಲ್ಲ. ಮೇಜಿನ ಸುತ್ತ ಕೂತವರಿಗೆ ಬಾಯಿಗೆ ಬಂದರೆ ಅದು ‘ಬಾಲ್ಯುಸ್’ ಹಾಡು. ಬಾಲ್ಯುಸ್ ಅಂದರೆ ಔತಣ, ಕೂಟ.

ಸಿನಿಮಾ ಹಾಡೋ ಅಂತ ಕೇಳಿದ್ದೀರಿ. ನಮಗೆ ಹಾಗನ್ನಿಸುವುದು ಸಹಜ. ನಮ್ಮ ಮದುವೆಮನೆ ಆರ್ಕೆಸ್ಟ್ರಾದ ಹಾಡುಗಳೆಲ್ಲ ಸಿನಿಮಾದಿಂದಲೇ ಬಂದವು, ಅಲ್ವಾ? ಅಲ್ಲಿ ಆ ದಾರಿ ಇರಲಿಲ್ಲ. ವರ್ಷಕ್ಕೆ ಕೆಲವೇ ಸಿನಿಮಾ ಬರುವ ಪುಟ್ಟ ದೇಶ ಅದು, ಅವುಗಳಲ್ಲಿ ಹಾಡು ಇರುವುದೂ ಕಡಿಮೆ. ಒಂದು ದೊಡ್ಡ ಅಪವಾದ ಉಂಟು. 1974ರ ‘ವೆಲ್ನ್ಯೋ ನುಓತಕಾ’, ಅಂದರೆ ‘ಸೈತಾನನ ಮದುವಣಗಿತ್ತಿ’. ಒಂದು ಗಾಳಿಗಿರಣಿ, ಗಿರಣಿಯವನ ಮಗಳು, ಅವಳನ್ನು ಕೇಳಿಕೊಂಡು ಬರುವ ಕುದುರೆ ಸವಾರ. ವ್ಯಾಚೆಸ್ಲಾವ್ ಗನೇಲಿನ್ ಅವರ ಸಂಗೀತ. ಅದರ ಹಾಡುಗಳನ್ನು ಇವತ್ತಿಗೂ ಜನ ಗುನುಗುತ್ತಾರೆ. ಅದು ಬಿಟ್ಟರೆ ಪಾರ್ಟಿ ಹಾಡುಗಳು ಬಂದದ್ದು ಹಳ್ಳಿಯ ಅಂಗಳದಿಂದ, ಕೌನಸ್ ಪಟ್ಟಣದ ಹೋಟೆಲುಗಳಿಂದ, ಆಮೇಲೆ ರೇಡಿಯೋದಿಂದ.

ಈಗ ಮದುವೆಯಲ್ಲಿ ದುಃಖದ ಹಾಡು ಯಾಕೆ ಅನ್ನುವ ಮಾತು. ನಮ್ಮಲ್ಲಿ ಹೆಣ್ಣೊಪ್ಪಿಸಿ ಕೊಡುವಾಗ ಹಾಡುವ ಹಾಡು ನೆನಪಿಸಿಕೊಳ್ಳಿ. ಸಂಭ್ರಮದ ಮನೆಯಲ್ಲಿ ಆ ಹೊತ್ತಿಗೆ ಕಣ್ಣೀರು ಹಾಕದವರು ಕಡಿಮೆ. ಲಿಥುವೇನಿಯಾದ ಹಳೆಯ ಮದುವೆಯಲ್ಲಿ ಆ ಹೊತ್ತು ಬಹಳ ಉದ್ದವಾಗಿತ್ತು. ಮದುವೆ ಹೆಣ್ಣು ಅಳಬೇಕಿತ್ತು. ಅಳುವುದಕ್ಕೇ ಬೇರೆ ಹಾಡುಗಳಿದ್ದವು. ತವರಿನ ಹೂದೋಟಕ್ಕೆ, ಅಮ್ಮನಿಗೆ, ಹೊಸ್ತಿಲಿಗೆ ಹೇಳುವ ವಿದಾಯ. ಅಲ್ಲಿ ‘ರೂತಾ’ ಅಂತ ಒಂದು ಕಹಿ ಸೊಪ್ಪಿನ ಗಿಡ ಇದೆ. ಮದುವೆಯಾಗದ ಹುಡುಗಿ ಅದನ್ನು ತನ್ನ ತೋಟದಲ್ಲಿ ಬೆಳೆಸಿ, ಅದರ ದಂಡೆ ಮುಡಿಯುತ್ತಿದ್ದಳು. ಮದುವೆಯ ದಿನ ಆ ದಂಡೆ ತೆಗೆದು ತಲೆಗೆ ಬಟ್ಟೆ ಕಟ್ಟುತ್ತಿದ್ದರು. ಹಾಡಿನಲ್ಲಿ ರೂತಾ ಬಾಡಿತು ಅಂದರೆ ಒಂದು ವಯಸ್ಸೇ ಮುಗಿಯಿತು ಅಂತ ಅರ್ಥ. ರೂತಾ ಅನ್ನುವುದು ಇವತ್ತಿಗೂ ಅಲ್ಲಿ ಹೆಣ್ಣುಮಕ್ಕಳ ಹೆಸರು. ನಿಮ್ಮ ಆಫೀಸಿನಲ್ಲೇ ಒಬ್ಬರಾದರೂ ಇರುತ್ತಾರೆ.

ಅಂತನಸ್ ಯುಷ್ಕಾ ಅಂತ ಒಬ್ಬ ಪಾದ್ರಿ ಇದ್ದರು. ತಮ್ಮ ಸುತ್ತಲಿನ ಊರುಗಳಲ್ಲಿ ಕೂತು ಮದುವೆ ಹಾಡುಗಳನ್ನೇ ಸಾವಿರಕ್ಕೂ ಹೆಚ್ಚು ಬರೆದುಕೊಂಡರು. ಅವರು ತೀರಿಕೊಂಡ ಮೇಲೆ 1883ರಲ್ಲಿ ಅವು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪುಸ್ತಕವಾಗಿ ಬಂದವು. ಆ ವರ್ಷ ಗಮನಿಸಿ. 1864ರಿಂದ 1904ರವರೆಗೆ, ನಲವತ್ತು ವರ್ಷ, ರಷ್ಯಾದ ದೊರೆತನ ಲಿಥುವೇನಿಯನ್ನರು ತಮ್ಮ ಭಾಷೆಯನ್ನು ಲ್ಯಾಟಿನ್ ಅಕ್ಷರದಲ್ಲಿ ಅಚ್ಚು ಮಾಡುವುದನ್ನೇ ನಿಷೇಧಿಸಿತ್ತು. ಇಂಥ ಅಪರೂಪದ ಸಂಗ್ರಹ ಬಿಟ್ಟರೆ, ಪುಸ್ತಕಗಳನ್ನು ಗಡಿಯಾಚೆ ಅಚ್ಚು ಹಾಕಿಸಿ ಬೆನ್ನ ಮೇಲೆ ಹೊತ್ತು ಕದ್ದು ತರಬೇಕಿತ್ತು. ಹಾಡಿಗೆ ಮಾತ್ರ ಯಾವ ಗಡಿ ಕಾವಲೂ ಇರಲಿಲ್ಲ. ಹಾಡನ್ನು ಆ ಜನ ಯಾಕಿಷ್ಟು ಬಿಗಿಯಾಗಿ ಹಿಡಿದುಕೊಂಡರು ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಇದರ ಮೇಲೆ ಇನ್ನೊಂದು ಪದರ ಬಂತು. ‘ರೊಮಾನ್ಸಸ್’ ಅನ್ನುವ ಹಾಡುಗಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓದುಬರಹ ಬಂದ ಹಳ್ಳಿಗಳಲ್ಲಿ ಹುಟ್ಟಿದವು. ಕವಿಗಳ ಸಾಲು ತೆಗೆದುಕೊಂಡು, ಪ್ರಾಸ ಕಟ್ಟಿ, ವಾಲ್ಟ್ಸ್ ಅನ್ನುವ ಜೋಡಿ ಕುಣಿತದ ಓಟಕ್ಕೆ ಕೂರಿಸಿದ ಹಾಡುಗಳು. ಇವುಗಳಲ್ಲಿ ಕತೆ ಇರುತ್ತದೆ. ಸೈನ್ಯಕ್ಕೆ ಹೋದ ಹುಡುಗ, ಬೇರೆಯವನನ್ನು ಮದುವೆಯಾದ ಹುಡುಗಿ, ಬಡವ ಅಂತ ಬೇಡವೆಂದ ಮಾವ. ಹಳೆಯ ಹಾಡುಗಳು ಹೂವು ಮರಗಳ ಮರೆಯಲ್ಲಿ ಮಾತಾಡಿದರೆ, ರೊಮಾನ್ಸಸ್ ನೇರವಾಗಿ ಎದೆ ಬಿಚ್ಚುತ್ತದೆ. ಜಾನಪದ ಸಂಗ್ರಹಿಸುವವರಿಗೆ ಬಹುಕಾಲ ಇವು ಬೇಡವಾಗಿದ್ದವು. ‘ಶುದ್ಧ’ ಹಳ್ಳಿ ಹಾಡಲ್ಲ ಅಂತ ಪಕ್ಕಕ್ಕಿಟ್ಟರು. ಹಳ್ಳಿಯವರು ಬಿಡಲಿಲ್ಲ. ನಡುರಾತ್ರಿ ನಿಮ್ಮ ಪಕ್ಕದ ಅಜ್ಜಿ ಕಣ್ಣು ಮುಚ್ಚಿಕೊಂಡು ಹಾಡಿದ್ದು ಹೆಚ್ಚಿನಂಶ ಇಂಥದ್ದೇ ಇರಬೇಕು.

ಇನ್ನು ಪೇಟೆಯ ಕತೆ. ನನಗೆ ಬಹಳ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1918ರಲ್ಲಿ ಲಿಥುವೇನಿಯಾ ಸ್ವತಂತ್ರವಾಯಿತು. ವಿಲ್ನಿಯಸ್ 1920ರಲ್ಲಿ ಪೋಲೆಂಡಿನ ಕೈಗೆ ಹೋಯಿತು. ಹಾಗಾಗಿ ಕೌನಸ್ ತಾತ್ಕಾಲಿಕ ರಾಜಧಾನಿ. ನೋಡನೋಡುತ್ತ ಸಣ್ಣ ಊರೊಂದು ರಾಜಧಾನಿಯ ಠೀವಿಗೆ ಬಂತು. ಲೈಸ್ವೇಸ್ ಅಲೇಯಾ ಅನ್ನುವ ಉದ್ದನೆಯ ಸಾಲುಮರದ ಬೀದಿಯಲ್ಲಿ ಹೋಟೆಲುಗಳು, ಕೆಫೆಗಳು, ಸಿನಿಮಾ ಮಂದಿರಗಳು ತಲೆ ಎತ್ತಿದವು. 1926ರಲ್ಲಿ ರೇಡಿಯೋ ಬಂತು. ಆದರೆ ರಾತ್ರಿ ಹೋಟೆಲಿನಲ್ಲಿ ಹಾಡು ಕೇಳಬೇಕು ಅಂದರೆ ರಷ್ಯನ್, ಪೋಲಿಷ್, ಜರ್ಮನ್ ಹಾಡುಗಳೇ. ಲಿಥುವೇನಿಯನ್ ಅಂದರೆ ಹೊಲದ ಭಾಷೆ, ಇಗರ್ಜಿಯ ಭಾಷೆ, ಹೊಸದಾಗಿ ಸರ್ಕಾರಿ ಕಚೇರಿಯ ಭಾಷೆ. ಆ ಭಾಷೆಯಲ್ಲಿ ಒಬ್ಬ ಹುಡುಗಿಯನ್ನು ‘ಬಾ, ಒಂದು ಸುತ್ತು ಕುಣಿಯೋಣ’ ಅಂತ ಮೈಕಿನ ಮುಂದೆ ಕರೆಯುವುದು ಹೇಗೆ? ಅಂಥ ಮಾತುಗಳೇ ಇನ್ನೂ ಹುಟ್ಟಿರಲಿಲ್ಲ.

1929ರಲ್ಲಿ ಡಾನಿಯೆಲ್ಯುಸ್ ಡೋಲ್ಸ್ಕಿಸ್ ಅನ್ನುವ ಹಾಡುಗಾರ ಕೌನಸ್‌ಗೆ ಬಂದರು. ವಿಲ್ನಿಯಸ್‌ನಲ್ಲಿ ಹುಟ್ಟಿದ ಯಹೂದಿ. ಅದಕ್ಕೆ ಮೊದಲು ರಷ್ಯಾದ ವೇದಿಕೆಗಳಲ್ಲಿ ಹೆಸರು ಮಾಡಿದ್ದವರು. ಲಿಥುವೇನಿಯನ್ ಅವರ ತಾಯ್ನುಡಿಯಲ್ಲ. ಕೌನಸ್‌ಗೆ ಬಂದ ಮೇಲೆ ಕಲಿತರು, ಕಲಿತು ಅದರಲ್ಲೇ ಹಾಡಿದರು. ಓನಾ ಅನ್ನುವ ಹುಡುಗಿಯನ್ನು ‘ಓನೀತೆ’ ಅಂತ ಮುದ್ದಾಗಿ ಕೂಗಿ ಕುಣಿಯಲು ಕರೆಯುವ ಹಾಡು ಅವರದ್ದು. ಪಲಂಗಾ ಊರಿನ ಕಡಲ ಮೇಲೆ ಹಾಡಿದರು. ‘ಗೆಗುಝಿನೇ’ ಮೇಲೆ ಹಾಡಿದರು. ಗೆಗುಝಿನೇ ಅಂದರೆ ಮೇ ತಿಂಗಳ ಕೂಟ. ಹಳ್ಳಿ ಹುಡುಗ ಹುಡುಗಿಯರು ತೋಪಿನಲ್ಲಿ ಸೇರಿ ಕುಣಿಯುವ ಬೇಸಿಗೆ ಸಂಜೆ. ಹಳ್ಳಿಯ ಸಂತಸವನ್ನು ಅವರು ಹೋಟೆಲಿನ ದೀಪದ ಕೆಳಗೆ ತಂದು ನಿಲ್ಲಿಸಿದರು. ‘ಮೆಟ್ರೊಪೊಲಿಸ್’, ‘ವೆರ್ಸಾಲಿಸ್’ ಅನ್ನುವ ಹೋಟೆಲುಗಳಲ್ಲಿ ಜನ ಕಿಕ್ಕಿರಿದು ಕೇಳಿದರು. ಗ್ರಾಮಫೋನ್ ತಟ್ಟೆಗಳೂ ಬಂದವು.

ಎಲ್ಲ ಸೇರಿ ಎರಡು ವರ್ಷ ಅಷ್ಟೇ. 1931ರ ಕೊನೆಗೆ ನ್ಯುಮೋನಿಯಾ ಬಂದು ಡೋಲ್ಸ್ಕಿಸ್ ತೀರಿಕೊಂಡರು. ನಲವತ್ತರ ಆಸುಪಾಸಿನ ವಯಸ್ಸು. ಆ ಎರಡು ವರ್ಷದ ಹಾಡುಗಳನ್ನು ತೊಂಬತ್ತು ವರ್ಷ ದಾಟಿದ ಮೇಲೂ ಮದುವೆಗಳಲ್ಲಿ ಹಾಡುತ್ತಾರೆ. ಹಾಡುವ ಹುಡುಗರಲ್ಲಿ ಎಷ್ಟೋ ಮಂದಿಗೆ ಅವರ ಹೆಸರು ಗೊತ್ತಿರುವುದಿಲ್ಲ. ಜನಪದ ಹಾಡು ಅಂದುಕೊಂಡಿರುತ್ತಾರೆ. ಹಾಡು ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇದೆಯೇ ಅಂತ ನನಗೆ ಅನ್ನಿಸುತ್ತದೆ. ಅಚ್ಚು ನಿಷೇಧ ತೆಗೆದದ್ದು 1904ರಲ್ಲಿ ಅಂದೆನಲ್ಲ. ಅಲ್ಲಿಂದ ಇಪ್ಪತ್ತೈದೇ ವರ್ಷಕ್ಕೆ ಆ ಭಾಷೆ ಟ್ಯಾಂಗೋ ಕುಣಿಯಿತು!

ಟ್ಯಾಂಗೋ ಆಗ ಇಡೀ ಯುರೋಪಿನ ಹುಚ್ಚು. ಅಂತನಸ್ ಶಬನ್ಯೌಸ್ಕಸ್ (1903–1987) ಲಿಥುವೇನಿಯನ್ ಟ್ಯಾಂಗೋದ ದೊಡ್ಡ ದನಿ. ನಿಮ್ಮ ‘ಮದುವೆಯಲ್ಲಿ ಇಂಥವನ್ನು ಹಾಡುತ್ತಾರಾ’ ಅನ್ನುವ ಪ್ರಶ್ನೆಗೆ ಟ್ಯಾಂಗೋ ಅರ್ಧ ಉತ್ತರ. ಅದರ ರಾಗ ಅಳುತ್ತದೆ, ಹೆಜ್ಜೆ ಅಳುವುದಿಲ್ಲ. ಹಳ್ಳಿಯಿಂದ ಬಂದ ಅಗಲಿಕೆಯ ಮಾತು ಆ ತಾಳಕ್ಕೆ ಹೇಳಿ ಮಾಡಿಸಿದಂತೆ ಕೂತಿತು. ಅಲ್ಲಿಂದಾಚೆ ಆ ದೇಶದ ಕಿವಿಗೆ ಕುಣಿತದ ಹಾಡು ಅಂದರೆ ಸ್ವಲ್ಪ ನೋವಿರುವ ಹಾಡು ಅಂತಲೇ ಆಗಿಬಿಟ್ಟಿತು.

ಒಂದು ಮಾತು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕೌನಸ್‌ನ ಆ ಹೋಟೆಲ್ ವಾದ್ಯಗಾರರಲ್ಲಿ ಬಹಳ ಮಂದಿ ಯಹೂದಿಗಳು. ಡೋಲ್ಸ್ಕಿಸ್ ತೀರಿಕೊಂಡು ಹತ್ತು ವರ್ಷಕ್ಕೆ, 1941ರಲ್ಲಿ, ನಾಜಿಗಳು ಬಂದರು. ಅವರೂ ಅವರ ಜೊತೆ ಕೈಜೋಡಿಸಿದ ಸ್ಥಳೀಯರೂ ಸೇರಿ ಲಿಥುವೇನಿಯಾದ ಯಹೂದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆ ಹಾಡುಗಳನ್ನು ಮೊದಲು ಕೇಳಿಸಿದ ಲೋಕ ಅಳಿಸಿಹೋಯಿತು, ಹಾಡು ಉಳಿಯಿತು. ಲೈಸ್ವೇಸ್ ಅಲೇಯಾದಲ್ಲಿ ‘ಮೆಟ್ರೊಪೊಲಿಸ್’ ಹತ್ತಿರ 2007ರಲ್ಲಿ ಡೋಲ್ಸ್ಕಿಸ್ ಪ್ರತಿಮೆ ನಿಲ್ಲಿಸಿದರು. ರೊಮುಆಲ್ದಸ್ ಕ್ವಿಂತಸ್ ಮಾಡಿದ್ದು. ವಿಲ್ನಿಯಸ್‌ನಿಂದ ಕೌನಸ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಹೋಗಿ ನೋಡಿ ಬನ್ನಿ.

ಲಿಥುವೇನಿಯಾ ಸೋವಿಯತ್ ಒಕ್ಕೂಟದ ಹಿಡಿತದಲ್ಲಿದ್ದ ಕಾಲಕ್ಕೆ ಬರೋಣ. ಸ್ಟಾಲಿನ್ ಇದ್ದಷ್ಟು ದಿನ ಟ್ಯಾಂಗೋ, ಜಾಝ್ ಅಂದರೆ ಸಿರಿವಂತರ ಸೋಗು ಅಂತ ಅನುಮಾನ. ಅದೇ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸೈಬೀರಿಯಾಕ್ಕೆ ಸಾಗಿಸಿದರು. ಕಾಡಿನಲ್ಲಿ ಅಡಗಿ ಹೋರಾಡಿದವರ ಹಾಡುಗಳು, ಸೈಬೀರಿಯಾದ ಬಿಡಾರಗಳ ಹಾಡುಗಳು ಹುಟ್ಟಿದವು. ಅವುಗಳಲ್ಲೂ ಎಷ್ಟೋ ಪ್ರೇಮದ ಹಾಡುಗಳೇ. ಅವಳು ಕಾಯುತ್ತಾಳೆ, ಅವನು ಬರುವುದಿಲ್ಲ. ಬಾಗಿಲು ಹಾಕಿಕೊಂಡು, ನಂಬಿಕೆಯವರ ನಡುವೆ ಮಾತ್ರ ಇವನ್ನು ಹಾಡುತ್ತಿದ್ದರು. ಕೌನಸ್‌ನಲ್ಲಿ ನಾನಿದ್ದ ಮನೆಯ ಒಡತಿ ಎಂಬತ್ತು ದಾಟಿದ ಹಿರಿಯರು. ಆಲೂಗಡ್ಡೆ ತುರಿಯುತ್ತ ಒಂದು ವಾಲ್ಟ್ಸ್ ಗುನುಗುತ್ತಿದ್ದರು. ನಾನು ಪ್ರೇಮಗೀತೆ ಅಂದುಕೊಂಡಿದ್ದೆ. ಅಮ್ಮ ಹಾಡುತ್ತಿದ್ದದ್ದು ಅಂತ ಹೇಳಿದರು. ಆಗ ಅಪ್ಪ ಮನೆಯಲ್ಲಿರಲಿಲ್ಲವಂತೆ. ಅಷ್ಟೇ ಹೇಳಿ ಮತ್ತೆ ತುರಿಯತೊಡಗಿದರು. ಹಾಗಾಗಿ ‘ಅಗಲಿಕೆಯ ಹಾಡು’ ಅಂತ ನಿಮಗೆ ಯಾರಾದರೂ ಅರ್ಥ ಹೇಳಿದರೆ, ಯಾರ ಅಗಲಿಕೆ ಅಂತ ನೋಡಬೇಕು. ಒಂದೇ ಹಾಡಿನಲ್ಲಿ ಮದುಮಗನಿಗೆ ಕಾಣುವುದು ಒಂದು, ಅಜ್ಜಿಗೆ ಕಾಣುವುದು ಇನ್ನೊಂದು.

1960ರ ದಶಕದಿಂದ ಹಿಡಿತ ಕೊಂಚ ಸಡಿಲವಾಯಿತು. ‘ಎಸ್ತ್ರಾದಾ’ ಅನ್ನುವ ವೇದಿಕೆ ಸಂಗೀತ ಬೆಳೆಯಿತು. ಕೋಟು ತೊಟ್ಟ ಹಾಡುಗಾರ, ಹಿಂದೆ ದೊಡ್ಡ ವಾದ್ಯಮೇಳ, ತುಂಬು ಕಂಠ. ಸಾಹಿತ್ಯಕ್ಕೆ ಸರ್ಕಾರದ ಒಪ್ಪಿಗೆ ಬೇಕು. ರಾಜಕೀಯ ಆಡುವಂತಿಲ್ಲ, ಹಾಗಂತ ಪಕ್ಷದ ಹೊಗಳಿಕೆ ಯಾರಿಗೂ ಬೇಡ. ಉಳಿದದ್ದು ಪ್ರೀತಿ, ಕಡಲು, ಸಂಜೆ. ಸ್ತಾಸಿಸ್ ಪೊವಿಲೈತಿಸ್ (1947–2015) ಆ ಕಾಲದ ಅಚ್ಚುಮೆಚ್ಚಿನ ದನಿ. ಅವರ ‘ಶ್ವಿಯೆಸ್ಕಿ ಮನ್ ವೇಲ್’ ಅಂದರೆ ‘ಮತ್ತೆ ನನಗೆ ಬೆಳಕಾಗು’. ಇದು ಶುರುವಾದರೆ ಮೇಜಿನ ಮುಂದೆ ಕೂತಿರುವವರು ಕಡಿಮೆ. ಈ ಹಾಡುಗಳನ್ನು ಕೆಲವರು ಸುಮ್ನೆ ಸಿಹಿ ಸಿಹಿ ಅಂತ ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಟಿವಿ, ಸೈನ್ಯ, ದೊಡ್ಡ ಕಾರ್ಖಾನೆ ಎಲ್ಲ ಕಡೆ ರಷ್ಯನ್ ತುಂಬಿದ್ದ ಕಾಲ ಅದು. ಆಗ ಒಬ್ಬ ಹುಡುಗ ತನ್ನ ಹುಡುಗಿಗೆ ತನ್ನದೇ ಭಾಷೆಯ ಹೊಸ ಹಾಡನ್ನು ಹಾಡಲು ಸಾಧ್ಯವಾದದ್ದು ಸಣ್ಣ ಸಂಗತಿಯಲ್ಲ.

ಈ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ್ದು ‘ಶುಭಾಶಯದ ಸಂಗೀತ ಕಾರ್ಯಕ್ರಮ’. ರೇಡಿಯೋಗೆ ಜನ ಕಾಗದ ಬರೆಯುತ್ತಿದ್ದರು. ನಮ್ಮ ಅಮ್ಮನಿಗೆ ಅರವತ್ತು ತುಂಬಿತು, ಇಂಥ ಹಾಡು ಹಾಕಿ ಅಂತ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಇತ್ತು. ಅಲ್ಲಿ ಪ್ರೇಮಗೀತೆಯನ್ನು ಅಮ್ಮನಿಗೆ, ಅಜ್ಜನಿಗೆ, ಮಾಸ್ತರರಿಗೆ ಅರ್ಪಿಸುವುದರಲ್ಲಿ ಯಾವ ಸಂಕೋಚವೂ ಇರಲಿಲ್ಲ. ಅಲ್ಲಿನ ಪ್ರೇಮಗೀತೆ ಇಬ್ಬರ ನಡುವಿನ ಗುಟ್ಟಾಗಿ ಉಳಿಯದೆ ಇಡೀ ಮನೆಯದ್ದಾದದ್ದು ಹೀಗೆ ಅಂತ ನನ್ನ ಎಣಿಕೆ.

1988ರಿಂದ ಮುಂದಿನ ಹಾಡಿನ ಕ್ರಾಂತಿಯ ಬಗ್ಗೆ ನೀವು ಕೇಳಿರುತ್ತೀರಿ. ಮೈದಾನಗಳಲ್ಲಿ ಲಕ್ಷಾಂತರ ಜನ ಸೇರಿ ಹಾಡಿ ಸ್ವಾತಂತ್ರ್ಯ ಕೇಳಿದ್ದು, 1990ರ ಮಾರ್ಚ್ 11ರ ಘೋಷಣೆ, ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಅದೇ ರೀತಿ 1924ರಲ್ಲಿ ಕೌನಸ್‌ನಲ್ಲಿ ಶುರುವಾದ ಹಾಡಿನ ಹಬ್ಬ 2024ಕ್ಕೆ ನೂರು ತುಂಬಿಸಿತು. ಸಾವಿರಾರು ಜನರ ಮೇಳಗಾಯನ, ಯುನೆಸ್ಕೋ ಮನ್ನಣೆ, ಎಲ್ಲವೂ ಉಂಟು. ದೇಶ ಹೆಮ್ಮೆಯಿಂದ ತೋರಿಸುವುದು ಅದನ್ನು. ಮದುವೆಮನೆಯ ಹಾಡು ಅದರ ಬಡ ತಂಗಿ. ನನ್ನ ಅನಿಸಿಕೆ ಕೇಳಿದರೆ, ಮೈದಾನದಲ್ಲಿ ಅಷ್ಟು ಜನಕ್ಕೆ ಒಟ್ಟಿಗೆ ದನಿ ಎತ್ತಲು ಬಂದದ್ದೇ ಮನೆಯ ಮೇಜಿನ ಸುತ್ತ ಕಲಿತದ್ದರಿಂದ. ಹಬ್ಬದಲ್ಲಿ ಕೋಲು ಬೀಸುವ ನಿರ್ದೇಶಕ ಇರುತ್ತಾರೆ. ಮೇಜಿನಲ್ಲಿ ಯಾರೂ ಇಲ್ಲ. ಒಬ್ಬರು ಸೊಲ್ಲು ಎತ್ತುತ್ತಾರೆ, ಎರಡನೆಯ ಸಾಲಿಗೆ ಉಳಿದವರು ಸೇರಿಕೊಳ್ಳುತ್ತಾರೆ. ಈಶಾನ್ಯದ ಔಕ್ಷ್ತೈತಿಯಾ ಕಡೆಯವರಾದರೆ ತಾವಾಗಿಯೇ ಮೇಲಿನ ದನಿ, ಕೆಳಗಿನ ದನಿ ಅಂತ ಹಂಚಿಕೊಳ್ಳುತ್ತಾರೆ. ದಕ್ಷಿಣದ ಝೂಕಿಯಾದ ಹಳೆಯ ಹಾಡು ಹೆಚ್ಚಾಗಿ ಒಂಟಿ ದನಿಯದ್ದು, ಬಹಳ ನಯ.

ಸ್ವಾತಂತ್ರ್ಯದ ನಂತರದ ದಶಕ ಗದ್ದಲದ್ದು. ಖಾಸಗಿ ರೇಡಿಯೋ ಎಂ-1 ಶುರುವಾದದ್ದು 1989ರ ಕೊನೆಯ ದಿನ. ವಿಲ್ನಿಯಸ್‌ನ ಗರ್ಯೂನೈ ಸಂತೆಯಲ್ಲಿ ಕ್ಯಾಸೆಟ್‌ಗಳ ರಾಶಿ. ವಾದ್ಯಮೇಳದ ಜಾಗಕ್ಕೆ ಒಂದು ಕೀಬೋರ್ಡ್ ಬಂತು. ಇಬ್ಬರು ಸೇರಿದರೆ ಇಡೀ ಮದುವೆ ನಡೆಸಬಹುದು. ಡಿಸ್ಕೋ ತಾಳದ ಮೇಲೆ ಮತ್ತದೇ ಮಾತುಗಳು: ಕಣ್ಣು, ಸಂಜೆ, ಮಳೆ, ಹೋಗಬೇಡ. ಓದಿದವರು ಇದಕ್ಕೆ ‘ಪೊಪ್ಸಸ್’ ಅಂತ ಹೆಸರಿಟ್ಟರು. ಅಗ್ಗದ ಪಾಪ್ ಹಾಡು ಅನ್ನುವ ತಾತ್ಸಾರದ ಮಾತು. ಕೆಲವರು ಕೀಳಾಗಿ ನೋಡುತ್ತಾರೆ ಅಂದಿರಲ್ಲ, ಅದು ಇದೇ. ತಾತ್ಸಾರಕ್ಕೆ ಕಾರಣ ಇಲ್ಲದಿಲ್ಲ. ಆ ಹೊತ್ತಿನ ಹಾಡುಗಳಲ್ಲಿ ಬೇಗ ಬೇಗ ಬೆಸೆದವು ಬಹಳ, ಒಂದರ ರಾಗ ಇನ್ನೊಂದರಲ್ಲಿ ಕೇಳುತ್ತದೆ. ಆದರೆ ರೊಮಾನ್ಸಸ್‌ಗೂ ಹಿಂದೆ ಹೀಗೇ ಅಂದಿದ್ದರು, ಹೋಟೆಲ್ ಹಾಡಿಗೂ ಅಂದಿದ್ದರು. ಯಾವುದು ಉಳಿಯಬೇಕು ಅಂತ ಕೊನೆಗೆ ಆರಿಸಿದ್ದು ಮದುವೆಮನೆಗಳು. ನೂರರಲ್ಲಿ ಐದೋ ಆರೋ ಉಳಿದಿರಬಹುದು. ಉಳಿದವು ನಿಜಕ್ಕೂ ಒಳ್ಳೆಯ ಹಾಡುಗಳು.

ಯೂರೋವಿಷನ್, ಅಂದರೆ ಯುರೋಪಿನ ದೇಶಗಳ ವರ್ಷ ವರ್ಷದ ಹಾಡಿನ ಸ್ಪರ್ಧೆ, ಅದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಈ ಕತೆ ಅಲ್ಲೂ ಕಾಣುತ್ತದೆ. 1994ರಲ್ಲಿ ಲಿಥುವೇನಿಯಾ ಮೊದಲ ಸಲ ಹೋದಾಗ ಒವಿದಿಯುಸ್ ವಿಷ್ನ್ಯೌಸ್ಕಸ್ ‘ಪ್ರೇಯಸಿಗೊಂದು ಜೋಗುಳ’ ಅನ್ನುವ ಅರ್ಥದ ಹಾಡನ್ನು ಲಿಥುವೇನಿಯನ್‌ನಲ್ಲೇ ಹಾಡಿದರು. ಸಿಕ್ಕಿದ್ದು ಸೊನ್ನೆ ಅಂಕ, ಕೊನೆಯ ಸ್ಥಾನ. 1999ರಲ್ಲಿ ಝೆಮೈತಿಯಾ ಸೀಮೆಯ ಆಡುಮಾತಿನ ಹಾಡೊಂದು ಹೋಯಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷೇ ಜಾಸ್ತಿ. 2022ರಲ್ಲಿ ಮೋನಿಕಾ ಲ್ಯು ಮತ್ತೆ ಪೂರ್ತಿ ಲಿಥುವೇನಿಯನ್‌ನಲ್ಲಿ ಹಾಡಿ 14ನೆಯ ಸ್ಥಾನ ತಂದರು. 2024ರಲ್ಲಿ ಸಿಲ್ವೆಸ್ಟರ್ ಬೆಲ್ಟ್ ‘ಲುಕ್ತೆಲ್ಕ್’ ಅಂದರು, ‘ಒಂಚೂರು ತಾಳು’ ಅಂತ. 2025ರಲ್ಲಿ ಕತಾರ್ಸಿಸ್ ತಂಡ ‘ತಾವೋ ಆಕಿಸ್’ ಅಂದಿತು, ‘ನಿನ್ನ ಕಣ್ಣುಗಳು’. ಮೂರೂ ತಾಯ್ನುಡಿಯವು. ಹೊಸ ಹುಡುಗರಿಗೆ ಪ್ರೀತಿ ಹೇಳಲು ಮತ್ತೆ ತಮ್ಮ ಭಾಷೆಯೇ ಬೇಕೆನಿಸಿರುವುದು ನನಗೆ ತುಂಬ ಸಂತೋಷದ ಸುದ್ದಿ.

ಹೊರಗೆ ಹೋದವರ ವಿಷಯವೂ ಇದೆ. 1990ರ ಸುಮಾರಿಗೆ 37 ಲಕ್ಷ ಇದ್ದ ಜನಸಂಖ್ಯೆ ಈಗ 29 ಲಕ್ಷದೊಳಗೆ. 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬ್ರಿಟನ್, ಐರ್ಲೆಂಡ್, ನಾರ್ವೆಗೆ ಬಹಳ ಮಂದಿ ಹೋದರು. ಬೇಸಿಗೆಯ ಮದುವೆಗೆ ಅವರೆಲ್ಲ ಊರಿಗೆ ಬರುತ್ತಾರೆ. ನೀವು ಹೋಗಿದ್ದ ಕೆರೆ ಪಕ್ಕದ ಮನೆಗೆ ‘ಸೊದೀಬಾ’ ಅನ್ನುತ್ತಾರೆ, ಹಳ್ಳಿಯ ತೋಟದ ಮನೆ. ಈಗ ಅಂಥವನ್ನು ಮದುವೆಗೆ ಬಾಡಿಗೆಗೆ ಕೊಡುತ್ತಾರೆ. ಅಜ್ಜನ ಮನೆ ಮಾರಿಹೋಗಿರುತ್ತದೆ ಅಥವಾ ಬಿದ್ದುಹೋಗಿರುತ್ತದೆ. ಎರಡು ದಿನದ ಮಟ್ಟಿಗೆ ಒಂದು ಸೊದೀಬಾ ಹಿಡಿದು, ಅಲ್ಲಿ ಅಜ್ಜನ ಕಾಲದ ಹಾಡು ಹಾಡುತ್ತಾರೆ. ಕಾಲೇಜು ಹುಡುಗರಿಗೂ ಯಾಕೆ ಬಾಯಿಪಾಠ ಅಂದರೆ ಇದಕ್ಕೇ. ಪ್ರತಿ ಬೇಸಿಗೆಯಲ್ಲಿ ಹೀಗೆ ಒಂದೆರಡು ರಾತ್ರಿ ಕೇಳಿಯೇ ಬೆಳೆದಿರುತ್ತಾರೆ.

ಈಗ ನಿಮ್ಮ ಆಸೆಯ ವಿಷಯ. ಮೊದಲು ‘ಇಲ್ಗ್ಯೌಸ್ಯೂ ಮೇತೂ’ ಕಲಿಯಿರಿ. ‘ಬಹಳ ದೀರ್ಘವಾದ ವರ್ಷಗಳು ನಿನ್ನವಾಗಲಿ’ ಅನ್ನುವ ಹಾರೈಕೆ. ಹುಟ್ಟುಹಬ್ಬಕ್ಕೂ ಆಗುತ್ತದೆ, ಮದುವೆಗೂ ಆಗುತ್ತದೆ. ರಾಗ ಸುಲಭ, ಮಾತು ಕಡಿಮೆ. ಅದು ಬಂದರೆ ಮೇಜಿನಲ್ಲಿ ನಿಮಗೊಂದು ಜಾಗ ಸಿಕ್ಕಂತೆ.

ಎರಡನೆಯದು ‘ಶೇರ್ಯೌ ಝಿರ್ಗೆಲಿ’. ಕುದುರೆಗೆ ಮೇವು ಹಾಕಿ ಸಾಕಿದೆ ಅಂತ ಅರ್ಥ. ಹುಡುಗನೊಬ್ಬ ಕುದುರೆಯನ್ನು ಚೆನ್ನಾಗಿ ಮೇಯಿಸಿ, ಸಿದ್ಧ ಮಾಡಿ, ಹುಡುಗಿಯ ಮನೆಗೆ ಹೊರಡುವ ಹಳ್ಳಿ ಹಾಡು. ಸಾಲುಗಳು ಮರುಕಳಿಸುವುದರಿಂದ ಹೊಸಬರಿಗೆ ಹಿಡಿಯುವುದು ಸುಲಭ. ಹಾಡುತ್ತ ಹಾಡುತ್ತ ವೇಗ ಏರುತ್ತದೆ, ಮೇಜಿನ ಮೇಲೆ ಅಂಗೈ ತಾಳ ಬೀಳುತ್ತದೆ. ಮೂರನೆಯದಕ್ಕೆ ಡೋಲ್ಸ್ಕಿಸ್ ಅವರ ಓನೀತೆ ಹಾಡು. ಮೂಲ ಧ್ವನಿಮುದ್ರಣ ಅಂತರ್ಜಾಲದಲ್ಲಿ ಸಿಗುತ್ತದೆ. ಗರಗರ ಸದ್ದಿನ ನಡುವೆ ಆ ನಗುಮುಖದ ದನಿ ಕೇಳಿ. ಮದುವೆಯಲ್ಲಿ ನೀವು ಕೇಳಿದ ಓಟಕ್ಕಿಂತ ಎಷ್ಟು ಮೆಲುವಾಗಿದೆ ಅಂತ ತಿಳಿಯುತ್ತದೆ.

ಒಂದು ಕೂಗಿನ ಅರ್ಥವೂ ಗೊತ್ತಿರಲಿ. ಊಟದ ನಡುವೆ ಎಲ್ಲರೂ ‘ಕರ್ತು! ಕರ್ತು!’ ಅಂತ ಕೂಗಿದ್ದು ನೆನಪಿರಬೇಕು. ಕರ್ತು ಅಂದರೆ ಕಹಿ. ಕುಡಿಯುವ ಲೋಟ ಕಹಿಯಾಗಿದೆ, ಗಂಡು ಹೆಣ್ಣು ಮುತ್ತು ಕೊಟ್ಟು ಸಿಹಿ ಮಾಡಲಿ ಅಂತ. ಇದೇ ‘ಕರ್ತು’ ಪದಕ್ಕೆ ‘ಒಟ್ಟಿಗೆ’ ಅನ್ನುವ ಅರ್ಥವೂ ಇದೆ. ಬೇರೆ ಬೇರೆ ಮೂಲದ ಎರಡು ಪದಗಳು, ಕಿವಿಗೆ ಒಂದೇ. ಆ ಕೂಗು ಕೇಳಿದಾಗಲೆಲ್ಲ ನನಗೆ ಎರಡೂ ಅರ್ಥ ಒಟ್ಟಿಗೆ ಕೇಳಿಸುತ್ತದೆ.

ಮುಂದಿನ ಮದುವೆಯ ತನಕ ಕಾಯಬೇಕಾಗಿಲ್ಲ. ಜೂನ್ 23ರ ರಾತ್ರಿ ಅವರಿಗೆ ಯೋನಿನೇಸ್, ವರ್ಷದಲ್ಲೇ ಚಿಕ್ಕ ರಾತ್ರಿಗಳ ಹಬ್ಬ. ಅದರ ಹಳೆಯ ಹೆಸರು ‘ರಸೋಸ್’. ‘ರಸಾ’ ಅಂದರೆ ಅಲ್ಲಿ ಇಬ್ಬನಿ, ನಮ್ಮ ‘ರಸ’ದ ದೂರದ ನೆಂಟ. ಹುಡುಗಿಯರು ಹೂದಂಡೆ ಮುಡಿದು ಬರುತ್ತಾರೆ, ನೀರಿನಲ್ಲಿ ತೇಲಿಬಿಡುತ್ತಾರೆ. ಬೆಂಕಿ ಹಾಕುತ್ತಾರೆ, ಬೆಳಗಿನ ತನಕ ಹಾಡುತ್ತಾರೆ. ವಿಲ್ನಿಯಸ್ ಪಕ್ಕದಲ್ಲೇ ಕೆರ್ನವೆ ಅನ್ನುವ ಹಳೆಯ ಕೋಟೆದಿಬ್ಬಗಳ ಊರಿನಲ್ಲಿ ದೊಡ್ಡದಾಗಿ ನಡೆಯುತ್ತದೆ. ಯಾರಾದರೂ ಕೈ ಹಿಡಿದು ಸುತ್ತಿಗೆ ಎಳೆದರೆ ಹೋಗಿ. ಮೊದಲ ಎರಡು ಸಾಲು ಸುಮ್ಮನೆ ಕೇಳಿಸಿಕೊಳ್ಳಿ. ಸೊಲ್ಲು ಮರಳಿ ಬರುತ್ತದೆ, ಆಗ ದನಿ ಸೇರಿಸಿ. ಉಚ್ಚಾರ ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕದವರು ನಿಮ್ಮ ಕಡೆ ತಿರುಗಿ, ಮುಂದಿನ ಸಾಲನ್ನು ಒಂದೊಂದೇ ಪದ ಬಿಡಿಸಿ, ಸ್ವಲ್ಪ ಜೋರಾಗಿ ಹೇಳಿಕೊಡುತ್ತಾರೆ.